ಬಿಡದಿಯ ಟಿಕೇಟು, ಬಿಡಕಿ ಬೈಲಿನ ತೊಟ್ಟಿಲು

ಅಡಿಕೆ ಕೊಯ್ಲು ಮುಗಿಯಿತು, ಮಕ್ಕಳ ಪರೀಕ್ಷೆಯೂ ಮುಗಿಯಿತು, ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ ಅನ್ನುವ ಹೊತ್ತಿಗೆ ಮಂಚಿಕೇರಿ, ಹಾಸಣಗಿ, ಉಮ್ಮಚಗಿ ಕಡೆಯ ಮನೆಗಳಲ್ಲಿ ಒಂದೇ ರಗಳೆ. ವಂಡರ್‌ಲಾಕ್ಕೆ ಯಾವಾಗ ಹೋಗೋದು? ಹಿಂದೆ ಈ ಪ್ರಶ್ನೆ ಪೇಟೆ ಮಕ್ಕಳದ್ದು ಮಾತ್ರ ಆಗಿತ್ತು. ಈಗ ಮೊಬೈಲಿನ ಕೃಪೆಯಿಂದ ತೋಟದ ನಡುವಿನ ಮನೆಯ ಮಕ್ಕಳಿಗೂ ಬಿಡದಿಯ ಜಾರುಬಂಡೆ, ಕೃತಕ ಅಲೆ, ಮಳೆ ಕುಣಿತ ಎಲ್ಲ ಬಾಯಿಪಾಠ. ಅಪ್ಪ "ಬರೋ ವರ್ಷ ನೋಡೋಣ" ಅಂತಾನೆ. ಅಮ್ಮ "ಮಾರಿಜಾತ್ರೆ ತೋರಿಸ್ತೇನೆ ಬಿಡು" ಅಂತಾಳೆ. ಮಕ್ಕಳು ಮುಖ ಊದಿಸಿಕೊಳ್ಳುತ್ತವೆ.

ಇದು ಮನೆಯೊಳಗಿನ ಮಾತು, ಪೇಪರಿಗೆ ಏಕೆ ಎಂದು ಕೆಲವರು ಕೇಳಬಹುದು. ಆದರೆ ಮನೆಯವರೆಲ್ಲ ಕೂಡಿ ಒಂದು ದಿನ ಮೋಜಿಗೆ ಹೊರಟರೆ ಆ ದುಡ್ಡು ಯಾರ ಗಲ್ಲೆಗೆ ಬೀಳುತ್ತದೆ? ಆ ದಿನ ಮಕ್ಕಳು ಕೂತ ತೊಟ್ಟಿಲಿನ ಬೋಲ್ಟು ಸಡಿಲಿದ್ದರೆ ಯಾರನ್ನು ಕೇಳಬೇಕು? ರಾತ್ರಿ ಮನೆಗೆ ಮರಳಲು ಬಸ್ಸು ಉಂಟೋ ಇಲ್ಲವೋ? ಈ ಮೂರು ಪ್ರಶ್ನೆಗಳು ಯಲ್ಲಾಪುರ–ಶಿರಸಿ ರಸ್ತೆಯ ಪ್ರತಿ ಅಂಗಡಿಕಾರನಿಗೂ, ಪ್ರತಿ ಬಸ್ ಪ್ರಯಾಣಿಕನಿಗೂ ಸಂಬಂಧಪಟ್ಟವು.

ಬಾಗಿಲು ಒಂದೇ, ಟಿಕೇಟು ಒಂದೇ

ಮೊದಲು ಬಿಡದಿಯ ಸಂಗತಿ. ಬೆಂಗಳೂರು–ಮೈಸೂರು ರಸ್ತೆಯ ಪಕ್ಕದಲ್ಲಿ, ಎಂಬತ್ತು ಎಕರೆ ಮೀರಿದ ಜಾಗದಲ್ಲಿ ಈ ಉದ್ಯಾನ 2005ರಲ್ಲಿ ತೆರೆಯಿತು. ಕಟ್ಟಿದವರು ಕೇರಳದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ. ಮನೆಮನೆಗೆ ವೋಲ್ಟೇಜ್ ಸ್ಟೆಬಿಲೈಸರ್ ಮಾರಿ ಹೆಸರಾದ ವಿ-ಗಾರ್ಡ್ ಕಂಪನಿಯ ಸ್ಥಾಪಕರೇ ಇವರು. ಅದಕ್ಕೂ ಮೊದಲು, 2000ದಲ್ಲಿ, ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಉದ್ಯಾನ ತೆರೆದು ಕೈ ಪಳಗಿಸಿಕೊಂಡಿದ್ದರು. 2014ರಲ್ಲಿ ಕಂಪನಿ ಶೇರು ಪೇಟೆಗೆ ಬಂತು. 2016ರಲ್ಲಿ ಹೈದರಾಬಾದು, 2024ರಲ್ಲಿ ಭುವನೇಶ್ವರ, 2025ರಲ್ಲಿ ಚೆನ್ನೈ. ಒಟ್ಟಿನಲ್ಲಿ ಮೋಜು ಈಗ ಸಿಮೆಂಟು, ಕಬ್ಬಿಣದ ಹಾಗೆ ಒಂದು ಕೈಗಾರಿಕೆ.

ಈ ಕೈಗಾರಿಕೆಯ ಗುಟ್ಟು ಸರಳ. ಊರಿಗೆಲ್ಲ ಬೇಲಿ, ಬೇಲಿಗೆ ಒಂದೇ ಬಾಗಿಲು, ಬಾಗಿಲಲ್ಲಿ ಒಂದೇ ಟಿಕೇಟು. ಒಳಗೆ ಹೋದ ಮೇಲೆ ಅರವತ್ತರ ಆಜುಬಾಜು ಇರುವ ಆಟಗಳಲ್ಲಿ ಯಾವುದನ್ನು ಎಷ್ಟು ಸಲ ಆಡಿದರೂ ಬಹುಪಾಲು ಮತ್ತೆ ದುಡ್ಡಿಲ್ಲ. ಕೇಳಲು ಚೆಂದ. ಆದರೆ ಮನೆಯಿಂದ ಕಟ್ಟಿ ತಂದ ಬುತ್ತಿ ಒಳಗೆ ಬಿಡುವುದಿಲ್ಲ. ಹಸಿದರೆ ಒಳಗಿನ ಹೋಟೇಲೇ ಗತಿ. ನೀರಿನ ಆಟಕ್ಕೆ ಹತ್ತಿ ಬಟ್ಟೆ ಆಗದು, ನೈಲಾನ್ ಬಟ್ಟೆಯೇ ಆಗಬೇಕು. ತರದಿದ್ದವರಿಗೆ ಅದೂ ಅಲ್ಲೇ ಸಿಗುತ್ತದೆ. ಸಾಮಾನು ಇಡಲು ಕಪಾಟಿಗೆ ಬಾಡಿಗೆ. ಹೀಗೆ ಬಾಗಿಲು ದಾಟಿದವನ ಪ್ರತಿ ರೂಪಾಯಿಯೂ ಬೇಲಿಯೊಳಗೇ ಸುತ್ತುತ್ತದೆ.

ದೊಡ್ಡವರ ಟಿಕೇಟು ಸಾವಿರ ರೂಪಾಯಿ ದಾಟುತ್ತದೆ. ಇದರಲ್ಲಿ ಸರಕಾರದ ಪಾಲೂ ಇದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಇಂಥ ಉದ್ಯಾನಗಳ ಪ್ರವೇಶಕ್ಕೆ ಶೇ. 28 ತೆರಿಗೆ ಬಿತ್ತು. ಜೂಜಿನ ಅಡ್ಡೆಗೂ ಮಕ್ಕಳ ತೊಟ್ಟಿಲಿಗೂ ಒಂದೇ ದರವೇ ಎಂದು ಬೊಬ್ಬೆ ಎದ್ದ ಮೇಲೆ 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಿದರು. ಮಂಚಿಕೇರಿಯಿಂದ ಬಿಡದಿಗೆ ನಾನೂರು ಕಿ.ಮೀ. ಮೀರಿದ ದಾರಿ. ರಾತ್ರಿ ಬಸ್ಸು, ಬೆಂಗಳೂರಿನಲ್ಲಿ ಉಳಿಯುವ ಖರ್ಚು, ಒಳಗಿನ ಊಟ, ಮರಳುವ ಬಸ್ಸು. ಗಂಡ, ಹೆಂಡತಿ, ಎರಡು ಮಕ್ಕಳ ಲೆಕ್ಕ ಹತ್ತು ಸಾವಿರದ ಹತ್ತಿರ ಹೋದರೆ ಆಶ್ಚರ್ಯವಿಲ್ಲ. ಎರಡೆಕರೆ ತೋಟದವನು ಹೇಗೋ ಹೊಂದಿಸ್ಯಾನು. ಕೊನೆಗೌಡರ ಜೊತೆ ಅಡಿಕೆ ಕೆಲಸಕ್ಕೆ ಹೋಗುವವನ ಮಕ್ಕಳಿಗೆ ಅದು ಮೊಬೈಲಿನ ಚಿತ್ರವೇ ಸರಿ.

ಹಾಗೆಂದು ಬಿಡದಿಯನ್ನು ಬೈದರೆ ಪ್ರಯೋಜನವಿಲ್ಲ. ಹೋಗಿ ಬಂದವರು ಮೊದಲು ಹೇಳುವುದು ಜಾರುಬಂಡೆಯ ಸುದ್ದಿಯಲ್ಲ. "ಪಾಯಖಾನೆ ಸ್ವಚ್ಛ ಇತ್ತು ಮಾರಾಯ್ರೇ" ಎನ್ನುತ್ತಾರೆ. ಮಗುವಿನ ಎತ್ತರ ಅಳೆದು, ಕಡಿಮೆ ಬಿದ್ದರೆ ಎಷ್ಟು ಅತ್ತರೂ ಆಟಕ್ಕೆ ಬಿಡುವುದಿಲ್ಲ. ಕುರ್ಚಿಗೆ ಪಟ್ಟಿ ಬಿಗಿದಿದೆಯೇ ಎಂದು ಕೈಯಿಂದ ಎಳೆದು ನೋಡುತ್ತಾರೆ. ಅವ್ವನಿಗೆ ಕೂರಲು ನೆರಳಿದೆ. ಜನ ಸಾವಿರ ರೂಪಾಯಿ ಕೊಡುವುದು ತಿರುಗುವ ಗಾಲಿಗಲ್ಲ. ಏನಾದರೂ ಆದರೆ ಕೇಳಲು ಅಲ್ಲಿ ಒಬ್ಬ ಇದ್ದಾನೆ ಎಂಬ ಧೈರ್ಯಕ್ಕೆ.

ಬೆಂಚಿನ ಮೇಲೆ ಕೂತ ಅಪ್ಪ

ಈ ಧೈರ್ಯವನ್ನು ಮಾರುವ ವ್ಯಾಪಾರ ಅಮೇರಿಕದ್ದು. ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಒಂದು ಉದ್ಯಾನಕ್ಕೆ ಕರೆದೊಯ್ಯುತ್ತಿದ್ದ. ಮಕ್ಕಳು ಮರದ ಕುದುರೆ ಏರಿ ಸುತ್ತು ಹೊಡೆಯುವಾಗ ಅಪ್ಪ ಬೆಂಚಿನ ಮೇಲೆ ಕೂತು ಕಾಯಬೇಕು. ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗ ಏಕಿಲ್ಲ ಎಂಬ ಯೋಚನೆ ಅಲ್ಲಿ ಬಂತು ಎಂದು ಅವನೇ ಹೇಳಿಕೊಂಡಿದ್ದ. ಆ ಕಾಲದ ಅಲ್ಲಿನ ಜಾತ್ರೆ ಮೈದಾನಗಳ ಕೊಳಕೂ ಅವನಿಗೆ ಹಿಡಿಸಿರಲಿಲ್ಲ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ಅಂದರೆ ಥೀಮ್ ಪಾರ್ಕು ಎಂಬುದು ಜಾತ್ರೆಯ ಮಗುವೇ. ಮೈ ತೊಳೆದು, ತಲೆ ಬಾಚಿ, ಬೇಲಿ ಹಾಕಿ ಕೂರಿಸಿದ ಜಾತ್ರೆ.

ಈ ಕಥೆಗೆ ಬಾಲವೊಂದಿದೆ, ಅಂಗಡಿಕಾರರು ಓದಬೇಕಾದದ್ದು. ಡಿಸ್ನಿಲ್ಯಾಂಡಿನ ಬೇಲಿಯ ಹೊರಗೆ ಬೇರೆಯವರ ಲಾಡ್ಜು, ಹೋಟೇಲುಗಳು ಅಣಬೆ ಹಾಗೆ ಎದ್ದವು. ಜನ ಬರುವುದು ತನ್ನ ಆಟ ನೋಡಲು, ದುಡ್ಡು ಹೋಗುವುದು ಅವರ ಗಲ್ಲೆಗೆ ಎಂಬುದು ಡಿಸ್ನಿಗೆ ಸರಿ ಕಾಣಲಿಲ್ಲ. ಎರಡನೆಯ ಸಲ ಆ ತಪ್ಪು ಆಗಬಾರದೆಂದು ಫ್ಲಾರಿಡಾದಲ್ಲಿ ಬೇರೆ ಬೇರೆ ಹೆಸರಲ್ಲಿ ಗುಟ್ಟಾಗಿ ಸುಮಾರು 27,000 ಎಕರೆ ಜಮೀನು ಕೊಂಡ. ಅವನು ತೀರಿಕೊಂಡ ಮೇಲೆ, 1971ರ ಅಕ್ಟೋಬರ್ 1ರಂದು, ಅಲ್ಲಿ ಡಿಸ್ನಿ ವರ್ಲ್ಡ್ ತೆರೆಯಿತು. ಲಾಡ್ಜೂ ಕಂಪನಿಯದ್ದು, ಊಟವೂ ಕಂಪನಿಯದ್ದು. "ನಮ್ಮ ಜಿಲ್ಲೆಗೂ ಒಂದು ದೊಡ್ಡ ಪಾರ್ಕು ಬರಲಿ, ಪೇಟೆ ಉದ್ಧಾರ ಆದೀತು" ಎಂದು ಬಸ್ ಸ್ಟಾಂಡಿನಲ್ಲಿ ಮಾತಾಡುವವರು ಈ 27,000 ಎಕರೆಯ ಲೆಕ್ಕ ಮರೆಯಬಾರದು. ಅಂಥ ಪಾರ್ಕಿನ ಮೂಲ ಉದ್ದೇಶವೇ ಪೇಟೆಯನ್ನು ಬೇಲಿಯ ಆಚೆ ಇಡುವುದು.

ಬಾಗಿಲಿಲ್ಲದ ಮೋಜು

ಇನ್ನು ಶಿರಸಿಗೆ ಬರೋಣ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಗಳಲ್ಲಿ, ಮಾರಿಕಾಂಬಾ ಜಾತ್ರೆ. ದೇವಿ ತೇರು ಏರಿ ಬಿಡಕಿ ಬೈಲಿಗೆ ಬಂದು ಗದ್ದುಗೆಯ ಮೇಲೆ ಕೂರುತ್ತಾಳೆ. ಒಂಬತ್ತು ದಿನ ಶಿರಸಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಬಳೆ ಪೇಟೆ, ಬೆಂಡು-ಬತ್ತಾಸು, ಮಿಠಾಯಿ ಅಂಗಡಿ, ಪಾತ್ರೆ ಅಂಗಡಿ, ನಾಟಕ ಕಂಪನಿ, ಆಕಾಶಕ್ಕೆ ಮುಟ್ಟುವ ತೊಟ್ಟಿಲು, ಹಡಗಿನಂತೆ ತೂಗುವ ಕೊಲಂಬಸ್, ಬಾವಿಯೊಳಗೆ ಮೋಟಾರು ಸೈಕಲ್. ಒಂದು ಕಾಲಕ್ಕೆ ಸರ್ಕಸ್ಸೂ ಜಾತ್ರೆಗಳ ರಾಜ. ಹುಲಿ, ಸಿಂಹ, ಕರಡಿಗಳ ಆಟ ಬೇಡವೆಂದು 1998ರಲ್ಲಿ ಕೇಂದ್ರ ಸರಕಾರ ಹೇಳಿತು, 2001ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. 2011ರಲ್ಲಿ ಮಕ್ಕಳನ್ನು ಕುಣಿಸುವುದೂ ನಿಂತಿತು. ಎರಡೂ ನ್ಯಾಯವೇ. ಆದರೆ ಸರ್ಕಸ್ಸಿನ ಗುಡಾರ ಬಡವಾಗಿ, ಅದರ ಜಾಗಕ್ಕೆ ಕರೆಂಟಿನ ಆಟಗಳು ಬಂದವು.

ಈ ಮೇಳಕ್ಕೆ ಬೇಲಿಯಿಲ್ಲ, ಬಾಗಿಲಿಲ್ಲ. ಬರಿಗೈಯಲ್ಲಿ ಬಂದವನೂ ದೀಪ ನೋಡಿ, ಜನ ನೋಡಿ, ದೇವಿಗೆ ಕೈ ಮುಗಿದು ಹೋಗಬಹುದು. ನೂರು ರೂಪಾಯಿ ಇದ್ದವನಿಗೆ ನೂರರ ಜಾತ್ರೆ, ಹತ್ತು ಸಾವಿರ ಇದ್ದವನಿಗೆ ಹತ್ತು ಸಾವಿರದ ಜಾತ್ರೆ. ಆ ದುಡ್ಡು ಒಬ್ಬನ ಗಲ್ಲೆಗೆ ಹೋಗದೆ ನೂರಾರು ಕೈಗಳಿಗೆ ಹಂಚಿ ಹೋಗುತ್ತದೆ. ಜಾತ್ರೆಗೆ ಮೊದಲು ಮಕ್ಕಳಿಗೆ ಹೊಸ ಅಂಗಿ ಬೇಕು. ಅದು ಊರ ಜವಳಿ ಅಂಗಡಿಯಲ್ಲೇ ಆಗುವ ವ್ಯಾಪಾರ. ನೆಂಟರು ಬಂದರೆ ಕಿರಾಣಿ ಹೆಚ್ಚು ಬೇಕು. ಅದೂ ಊರ ಅಂಗಡಿಯದ್ದೇ.

ಹಿಂದಿನವರು ಕಾಲ ನೋಡಿಯೇ ಇಟ್ಟಿದ್ದಾರೆ ಅನ್ನಬೇಕು. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ಸೊಸೈಟಿಗೆ ಹಾಕುವ ಹೊತ್ತಿಗೆ ಜಾತ್ರೆ ಬರುತ್ತದೆ. ಇದೇ ತಿಂಗಳುಗಳಲ್ಲಿ ಆಲೆಮನೆಗಳ ಕಾಲ. ಕಬ್ಬಿನ ಹಾಲು, ಜೋನಿ ಬೆಲ್ಲ, ಬಿಸಿ ತೊಡೆದೇವು, ಖಾರಕ್ಕೆ ಮಿರ್ಚಿ-ಮಂಡಕ್ಕಿ. ಯಾರ ಮನೆಯ ಕಣದಲ್ಲೋ ನಡೆಯುತ್ತಿದ್ದ ಆಲೆಮನೆ ಈಗ ಶಿರಸಿ ಸೀಮೆಯಲ್ಲಿ ಆಲೆಮನೆ ಹಬ್ಬವಾಗಿ, ಮನೆಮಂದಿಯೆಲ್ಲ ಹೋಗಿ ತಿಂದು ಬರುವ ಜಾಗವಾಗಿದೆ. ಬಿಡದಿಯ ಹೋಟೇಲಿನಲ್ಲಿ ಎಷ್ಟು ದುಡ್ಡು ಕೊಟ್ಟರೂ ಈ ರುಚಿ ಸಿಗದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಬದಲಾವಣೆ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ. ಮಂಚಿಕೇರಿಯ ಅಜ್ಜಿ, ಸೊಸೆ, ಮೊಮ್ಮಗಳು ಮೂವರೂ ಬಿಟ್ಟಿಯಾಗಿ ಶಿರಸಿಗೆ ಹೋಗಿ ಬರಬಹುದು. ಚಾರ್ಜು ಬೀಳುವುದು ಗಂಡಸಿಗೆ, ಅರ್ಧ ಟಿಕೇಟಿನ ಹುಡುಗನಿಗೆ. 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿದ್ದು ಅವರಿಗೇ ತಾಗಿದ್ದು. ಒಟ್ಟಿನಲ್ಲಿ "ಯಾರ ಕೈ ಕಾಯಬೇಕು" ಎಂಬ ಹಂಗಿಲ್ಲದೆ ಮನೆಯ ಹೆಂಗಸರೇ ಮಕ್ಕಳ ಕೈ ಹಿಡಿದು ಜಾತ್ರೆಗೆ ಹೊರಡುವ ದಿನ ಬಂದಿದೆ. ಜಾತ್ರೆಯ ಗಿರಾಕಿಯೇ ಬದಲಾಗಿದ್ದಾಳೆ. ಆದರೆ ಜಾತ್ರೆಯ ಏರ್ಪಾಡು ಆಕೆಗೆ ತಕ್ಕ ಹಾಗೆ ಬದಲಾಗಿದೆಯೇ? ಇಲ್ಲಿಂದ ಮುಂದೆ ಗಟ್ಟಿ ಮಾತು.

ಬೋಲ್ಟು ಯಾರು ನೋಡಬೇಕು?

2019ರ ಜುಲೈ 14, ಅಹಮದಾಬಾದಿನ ಕಾಂಕರಿಯಾ ಕೆರೆ. ತೂಗುವ ಆಟವೊಂದರ ಕಬ್ಬಿಣ ಮುರಿದು ಜನ ಕೂತಿದ್ದ ಭಾಗವೇ ಕಳಚಿ ಬಿತ್ತು. ಇಬ್ಬರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿ ಮೇಳದಲ್ಲಿ ಜನರನ್ನು ಕೂರಿಸಿ ಮೇಲೇರಿಸುವ ಗೋಪುರದ ಆಟ ಒಮ್ಮೆಲೇ ನೆಲಕ್ಕೆ ಅಪ್ಪಳಿಸಿತು. 2024ರ ಮೇ 25ರಂದು ರಾಜಕೋಟದ ಆಟದ ಮನೆಗೆ ಬೆಂಕಿ ಬಿದ್ದು 27 ಜನ ಸುಟ್ಟು ಹೋದರು. ಅವರಲ್ಲಿ ಮಕ್ಕಳೂ ಇದ್ದರು. ಆ ಆಟದ ಮನೆಗೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರವೇ ಇರಲಿಲ್ಲ.

ಈ ಮೂರರಲ್ಲಿ ಎರಡು ನಡೆದದ್ದು ಬೇಲಿ, ಬಾಗಿಲು, ಟಿಕೇಟು ಎಲ್ಲ ಇದ್ದ ಜಾಗದಲ್ಲಿ. ಅಂದರೆ ಬಾಗಿಲಿದ್ದ ಮಾತ್ರಕ್ಕೆ ಭದ್ರ ಅಲ್ಲ, ಬಯಲಾದ ಮಾತ್ರಕ್ಕೆ ಅಪಾಯವೂ ಅಲ್ಲ. ಯಾರೋ ಒಬ್ಬ ತಿಳಿದವ ಬಂದು ಕೈಯಿಂದ ಮುಟ್ಟಿ ನೋಡಿದನೇ, ಅದಕ್ಕೆ ಸಹಿ ಹಾಕಿದನೇ ಎಂಬುದಷ್ಟೇ ಪ್ರಶ್ನೆ.

ಸ್ಥಿರ ಪಾರ್ಕಿಗೂ ಜಾತ್ರೆಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸ. ಬಿಡದಿಯ ಗಾಲಿ ನೆಟ್ಟಲ್ಲೇ ನಿಂತಿರುತ್ತದೆ. ಜಾತ್ರೆಯ ತೊಟ್ಟಿಲು ಒಂದು ಊರಲ್ಲಿ ಬಿಚ್ಚಿ, ಲಾರಿಗೆ ಹೇರಿ, ಇನ್ನೊಂದು ಊರಲ್ಲಿ ಮತ್ತೆ ಜೋಡಿಸಬೇಕು. ಬಿಚ್ಚಿ ಜೋಡಿಸಿದಷ್ಟೂ ಬೋಲ್ಟಿನ ಎಳೆ ಸವೆಯುತ್ತದೆ. ಗದ್ದೆ ಬಯಲಿನ ನೆಲ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಅಡಿಯಲ್ಲಿ ಇಟ್ಟ ಮರದ ದಿಮ್ಮಿ ಕುಸಿದರೆ ಇಡೀ ಗಾಲಿ ವಾಲುತ್ತದೆ. ಮಾರ್ಚಿನಲ್ಲಿ ಅಡ್ಡ ಮಳೆ, ಗಾಳಿ ಈ ಸೀಮೆಗೆ ಹೊಸದಲ್ಲ. ಒದ್ದೆ ನೆಲದಲ್ಲಿ ಎಳೆದ ವೈರು, ಜನರೇಟರು, ಅದರ ಪಕ್ಕದಲ್ಲೇ ಬಾಣಲೆ, ಗ್ಯಾಸು. ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ದುಡ್ಡಿನ ಸುಳಿಯೂ ಇದೆ. ಜಾತ್ರೆಯ ಜಾಗ ಹರಾಜಿನಲ್ಲಿ ಹೋಗುತ್ತದೆ. ಹೆಚ್ಚು ಕೂಗಿದವನಿಗೆ ಜಾಗ. ದೇವಸ್ಥಾನಕ್ಕೆ ಉತ್ಪನ್ನ ಬರಲಿ ಎಂಬುದು ತಪ್ಪಲ್ಲ. ಆದರೆ ಲಕ್ಷಗಟ್ಟಲೆ ಕೂಗಿ ಜಾಗ ಹಿಡಿದವನು ಅಷ್ಟನ್ನೂ ಒಂಬತ್ತೇ ದಿನದಲ್ಲಿ ಹುಟ್ಟಿಸಬೇಕು. ಹೇಗೆ ಹುಟ್ಟಿಸ್ತಾನೆ? ಟಿಕೇಟು ಏರಿಸುತ್ತಾನೆ. ನಾಲ್ವರು ಕೂರುವ ತೊಟ್ಟಿಲಿಗೆ ಐವರನ್ನು ತುಂಬುವ ಆಸೆ ಬರುತ್ತದೆ. ನಡುರಾತ್ರಿಯಾದರೂ ಗಾಲಿ ನಿಲ್ಲಿಸಲು ಮನಸ್ಸು ಬಾರದು. ಗಾಲಿ ನಿಂತರೆ ತಾನೇ ಬೋಲ್ಟು ನೋಡಲು ಪುರುಸೊತ್ತು? ಹರಾಜಿನ ಮೊತ್ತ ಮೇಲೆ ಹೋದ ಹಾಗೆಲ್ಲ ಗಾಲಿಯ ಮೇಲಿನ ಭಾರವೂ ಹೆಚ್ಚುತ್ತದೆ. ತೊಟ್ಟಿಲಿನವನನ್ನು ದೂರಿ ಫಲವಿಲ್ಲ. ಊರೂರು ಅಲೆದು, ಸಾಲ ಮಾಡಿ ಬದುಕುವ ಅವನೂ ಈ ಸುಳಿಯಲ್ಲೇ ಸಿಕ್ಕಿದವ.

ಜಾತ್ರೆಗೆ ಮೊದಲು ಲೋಕೋಪಯೋಗಿ, ಹೆಸ್ಕಾಂ, ಅಗ್ನಿಶಾಮಕ, ಪೊಲೀಸ್ ಎಂದು ಸಭೆಗಳು ಕೂಡುತ್ತವೆ. ಪರಿಶೀಲನೆ ಆದದ್ದೇ ಆದರೆ ಅದರ ಚೀಟಿ ಕಚೇರಿಯ ಫೈಲಿನಲ್ಲಿ ಏಕೆ ಮಲಗಬೇಕು? ಪ್ರತಿ ಆಟದ ಟಿಕೇಟು ಕಿಟಕಿಯ ಮೇಲೆ, ಜನರ ಕಣ್ಣಿಗೆ ಬೀಳುವ ಹಾಗೆ ನೇತು ಹಾಕಲಿ. ಯಾವ ತಾರೀಖು ನೋಡಿದ್ದು, ಯಾರು ನೋಡಿದ್ದು, ಎಷ್ಟು ಜನ ಕೂರಬಹುದು, ಎಷ್ಟು ಎತ್ತರದ ಮಗುವನ್ನು ಕೂರಿಸಬಹುದು. ಕನ್ನಡದಲ್ಲಿ ನಾಲ್ಕು ಸಾಲು. ಇದಕ್ಕೆ ಕೋಟಿ ರೂಪಾಯಿ ಬೇಡ, ಒಂದು ರಟ್ಟು ಸಾಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆಗಬಾರದು.

ಕೆಂಪು ಗೋಬಿ, ಗುಲಾಬಿ ಮಿಠಾಯಿ

ತಿಂಡಿಯ ವಿಷಯದಲ್ಲಿ ಸರಕಾರ ಒಮ್ಮೆ ಕಣ್ಣು ಬಿಟ್ಟದ್ದು ನೆನಪಿಡಬೇಕು. 2024ರ ಮಾರ್ಚ್ 11ರಂದು ರಾಜ್ಯದ ಆರೋಗ್ಯ ಇಲಾಖೆ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಗೋಬಿಯ 171 ಮಾದರಿ ಪರೀಕ್ಷೆ ಮಾಡಿದರೆ 107 ಅಸುರಕ್ಷಿತ. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಮಿಠಾಯಿಯ ಗುಲಾಬಿ ಬಣ್ಣಕ್ಕೆ ಹಾಕುತ್ತಿದ್ದ ರೋಡಮೈನ್-ಬಿ ಎಂಬುದು ಬಟ್ಟೆಗೆ ಬಣ್ಣ ಹಾಕುವ ವಸ್ತು. ಸಚಿವರು ಇದನ್ನು ಘೋಷಿಸಿ ಎಂಟು ದಿನಕ್ಕೆ, ಮಾರ್ಚ್ 19ಕ್ಕೆ, ಶಿರಸಿ ಜಾತ್ರೆ ಶುರುವಾಯಿತು.

ನಿಷೇಧದಿಂದ ಗೋಬಿ ನಿಂತಿತೇ? ಇಲ್ಲ. ಬಣ್ಣ ಹಾಕದೆಯೂ ಗೋಬಿ ಮಾಡಬಹುದು, ಮಾಡುತ್ತಾರೆ. ಗಿರಾಕಿಯೇ "ಇದೇನು ಬಿಳುಚಿಕೊಂಡಿದೆ" ಎಂದು ಮೂಗು ಮುರಿದರೆ ಅಂಗಡಿಯವನು ಮತ್ತೆ ಡಬ್ಬಿ ತೆಗೆಯುತ್ತಾನೆ. ಇಲ್ಲಿ ಇಲಾಖೆಯ ಜೊತೆ ತಿನ್ನುವವರ ನಾಲಿಗೆಯೂ ಪಾಲುದಾರ. ಪಕ್ಕದಲ್ಲೇ ಮಿರ್ಚಿ, ಮಂಡಕ್ಕಿ, ಗಿರಮಿಟ್ಟು ಇದೆ. ಅದಕ್ಕೆ ಯಾವ ಬಣ್ಣವೂ ಬೇಡ.

ಗೊಟಗೋಡಿಯ ದಾರಿ

ದೊಡ್ಡ ಕಂಪನಿಯ ಪಾರ್ಕು ಒಂದು ತುದಿ, ಬಯಲ ಜಾತ್ರೆ ಇನ್ನೊಂದು ತುದಿ. ನಡುವೆ ಏನೂ ಇಲ್ಲವೇ? ಇದೆ. ಮುಂಡಗೋಡದ ಮೇಲೆ ಹೋದರೆ ನೂರು ಕಿ.ಮೀ. ಒಳಗೆ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಗೊಟಗೋಡಿ. ಅಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿಸಿದ ಉತ್ಸವ ರಾಕ್ ಗಾರ್ಡನ್. ಬೀಸುವವಳು, ಕುಟ್ಟುವವಳು, ಕಮ್ಮಾರ, ಕುಂಬಾರ, ಗರಡಿಮನೆ, ದನದ ಸಂತೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕೆಲ್ಲ ಆಳೆತ್ತರದ ಸಿಮೆಂಟು ಮೂರ್ತಿಗಳಾಗಿ ನಿಂತಿದೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ಅವರು ಕಟ್ಟಿದ್ದು ಉಳಿದಿದೆ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ 2011ರಲ್ಲಿ ಬಂದದ್ದೂ ಅದೇ ಗೊಟಗೋಡಿಗೆ.

ಅಲ್ಲಿಯೂ ಟಿಕೇಟು ಉಂಟು, ಬೇಲಿಯೂ ಉಂಟು. ಆದರೆ ಬಂಡವಾಳ ಎಂದರೆ ಆ ಸೀಮೆಯದ್ದೇ ಕಥೆ, ಆ ಸೀಮೆಯದ್ದೇ ಕೈಗಳು. ಶಾಲೆ ಮಕ್ಕಳ ಪ್ರವಾಸಕ್ಕೆ ಅದು ಒಳ್ಳೆಯ ಜಾಗ ಆದದ್ದು ಇದೇ ಕಾರಣಕ್ಕೆ. ಹಾಂ, ಒಂದು ತಮಾಷೆಯೂ ಇದೆ. ಮನೆಯಲ್ಲಿ ಅಜ್ಜ ನೇಗಿಲು ಹಿಡಿದರೆ ತಿರುಗಿ ನೋಡದ ಹುಡುಗ ಅಲ್ಲಿ ಸಿಮೆಂಟಿನ ನೇಗಿಲಿನ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳುತ್ತಾನೆ!

ಹೊಳೆ, ಕಡಲು, ಪ್ರವಾಸ

ಶಾಲಾ ಪ್ರವಾಸ ಎಂದ ಕೂಡಲೆ 2024ರ ಡಿಸೆಂಬರ್ ನೆನಪಾಗದೆ ಇರದು. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಆಮೇಲೆ ಕೆಲ ದಿನ ಕಡಲತೀರ ಮುಚ್ಚಿ, ನೀರಿಗಿಳಿಯುವ ಜಾಗ ಗುರುತು ಮಾಡಿ ಮತ್ತೆ ತೆರೆದರು. ಆ ಗುರುತು ಮೊದಲೇ ಇದ್ದಿದ್ದರೆ?

ಯಲ್ಲಾಪುರ, ಶಿರಸಿ, ಸಿದ್ದಾಪುರ ಸೀಮೆಯಲ್ಲಿ ದೇವರು ಕೊಟ್ಟ ಆಟದ ಮೈದಾನಗಳಿಗೆ ಬರವಿಲ್ಲ. ಮಾಗೋಡು, ಸಾತೋಡಿ, ಉಂಚಳ್ಳಿ, ಸಹಸ್ರಲಿಂಗ. ಭಾನುವಾರ ಹುಬ್ಬಳ್ಳಿ ಕಡೆಯಿಂದ ವಾಹನಗಳ ಸಾಲೇ ಬರುತ್ತದೆ. ಇಲ್ಲಿಯೂ ಸಮಸ್ಯೆ ಅದೇ. ಬಾಗಿಲಿಲ್ಲ, ಆದ್ದರಿಂದ ಎಲ್ಲರಿಗೂ ಪ್ರವೇಶ. ಕೇಳುವವರು ಕಡಿಮೆ, ಆದ್ದರಿಂದ ಪಾಚಿ ಬಂಡೆಯ ಮೇಲೆ ನಿಂತ ಹುಡುಗನನ್ನು "ಇಳಿಯೋ ತಮ್ಮಾ" ಎಂದು ಗದರಿಸುವವರೂ ಕಡಿಮೆ. ನಿಜಕ್ಕೂ ಅಪಾಯ ಎಲ್ಲಿದೆ ಎಂಬುದು ಅಲ್ಲಿಯ ಊರವರಿಗೆ ಗೊತ್ತು. ಅಂಥ ಊರ ಹುಡುಗರಿಗೇ ಸಂಬಳ ಕೊಟ್ಟು, ಸೀಟಿ ಕೊಟ್ಟು, ಹಗ್ಗ ಕೊಟ್ಟು ನಿಲ್ಲಿಸುವುದು ಪಾರ್ಕು ಕಟ್ಟುವುದಕ್ಕಿಂತ ಎಷ್ಟೋ ಅಗ್ಗ.

ಆಟ ಮುಗಿದ ಮೇಲೆ

ಕೊನೆಗೆ ಮಂಚಿಕೇರಿಯದ್ದೇ ಮಾತು. ಈ ಊರು ಮೋಜಿಗಾಗಿ ಬೇರೆಯವರ ಬಾಗಿಲು ಕಾಯ್ದ ಊರಲ್ಲ. ತಾಳಮದ್ದಲೆ, ಯಕ್ಷಗಾನ, ನಾಟಕ ಇದರ ನೆಲದಲ್ಲೇ ಇದೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನ ಚಿದಂಬರರಾವ್ ಜಂಬೆಯವರು ಈ ಭಾಗದ ಸಿದ್ದಿ ಜನರನ್ನು ಕೂಡಿಸಿ ನಾಟಕ ಕಟ್ಟಿದರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ, ಆಫ್ರಿಕಾದ ಲೇಖಕ ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡದಲ್ಲಿ ಆಡಿ ತೋರಿಸಿದರು. ಯಾವ ದೇಶದ ಯಾವ ಪಾರ್ಕು ಇಂಥದ್ದನ್ನು ತೋರಿಸೀತು?

ನಾಟಕಕ್ಕೆ ಸರಕಾರದ ಒಂದು ರಿಯಾಯಿತಿಯೂ ಇದೆ. ತಲಾ 500 ರೂಪಾಯಿವರೆಗಿನ ನಾಟಕ, ಸರ್ಕಸ್ಸು, ನೃತ್ಯದ ಟಿಕೇಟಿಗೆ ಜಿಎಸ್‌ಟಿ ಇಲ್ಲ. ತೆರಿಗೆ ಬಿಟ್ಟರೂ ಜನ ಬರಬೇಕಲ್ಲ? ನಾಟಕ ಮುಗಿಯುವಾಗ ಹೊರಗೆ ಬಸ್ಸಿಲ್ಲ. ಬೈಕಿದ್ದವನು ಬರುತ್ತಾನೆ. ಬಸ್ಸು ನೆಚ್ಚಿದ ಹೆಂಗಸರು, ಮುದುಕರು, ಮಕ್ಕಳು ಮನೆಯಲ್ಲೇ ಟಿ.ವಿ. ಮುಂದೆ ಉಳಿಯುತ್ತಾರೆ. ಜಾತ್ರೆಯ ದಿನಗಳಲ್ಲಿ ವಾಯವ್ಯ ಸಾರಿಗೆ ಹೆಚ್ಚಿನ ಬಸ್ಸು ಬಿಡುತ್ತದೆ, ಅದಕ್ಕೆ ಮೆಚ್ಚಲೇಬೇಕು. ಆದರೆ ಬಸ್ಸಿನ ವೇಳೆಯನ್ನು ನೋಡಿ ಜನ ಜಾತ್ರೆಯಿಂದ ಏಳುವುದೋ, ಆಟ ಮುಗಿಯುವ ವೇಳೆ ನೋಡಿ ಬಸ್ಸು ಹೊರಡುವುದೋ? ಕೊನೇ ಬಸ್ಸು ಎಂಟಕ್ಕೆ ಹೊರಟರೆ ಜಾತ್ರೆ ಎಂಟಕ್ಕೇ ಮುಗಿದಂತೆ. ಒಂಬತ್ತರ ನಾಟಕ ಯಾರಿಗೆ? ಹತ್ತರ ಮಿರ್ಚಿ ಯಾರಿಗೆ? ಕೊನೇ ಬಸ್ಸು ಒಂದು ತಾಸು ಮುಂದೆ ಹೋದರೆ ಅಂಗಡಿಯ ದೀಪವೂ ಒಂದು ತಾಸು ಹೆಚ್ಚು ಉರಿಯುತ್ತದೆ. ಪ್ರಯಾಣಿಕನ ಅನುಕೂಲವೂ ಅಂಗಡಿಕಾರನ ವ್ಯಾಪಾರವೂ ಒಂದೇ ಗಡಿಯಾರದ ಎರಡು ಮುಳ್ಳು.

ಜಾತ್ರೆ ಇದ್ದ ಹಾಗೇ ಇರಬೇಕು, ಬದಲಾಯಿಸುವುದು ಸಲ್ಲ ಎಂಬ ಮಾತು ಕೆಲವರದ್ದು. ಶಿರಸಿಯ ಇತಿಹಾಸವೇ ಇದಕ್ಕೆ ಉತ್ತರ. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದ ಕಾಲಕ್ಕೆ ಇಲ್ಲಿ ಕೋಣ ಬಲಿ ನಿಂತಿತು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೇನು ಬೇಕು? ಜಾತ್ರೆ ಕುಂದಿತೇ? ಅಲ್ಲಿಂದ ಬೆಳೆದದ್ದೇ ಹೊರತು ಕುಂದಲಿಲ್ಲ. ಕೋಣದ ಜೀವ ಉಳಿಸಿದ ಜಾತ್ರೆಗೆ ಮಕ್ಕಳ ಜೀವ ಕಾಯುವ ಒಂದು ರಟ್ಟು ನೇತು ಹಾಕುವುದು ಭಾರವೇ?

ಬಿಡದಿಯನ್ನು ಮಂಚಿಕೇರಿಗೆ ತರುವುದು ಆಗದ ಮಾತು, ತರುವುದು ಬೇಕಾಗಿಯೂ ಇಲ್ಲ. ತರಬೇಕಾದದ್ದು ಅಲ್ಲಿಯ ಜವಾಬ್ದಾರಿ ಮಾತ್ರ, ಅಲ್ಲಿಯ ಬೇಲಿ ಇಲ್ಲದೆ. ಮುಂದಿನ ಜಾತ್ರೆಯ ಹರಾಜು ಕರೆಯುವಾಗ ಹೆಚ್ಚು ಕೂಗಿದವನಿಗೇ ಜಾಗ ಎಂಬುದರ ಜೊತೆ ಗಟ್ಟಿ ಸಾಮಾನು ಇದ್ದವನಿಗೆ ಎಂಬ ಷರತ್ತೂ ಸೇರಲಿ. ಟಿಕೇಟು ಕಿಟಕಿಯ ಮೇಲೆ ಪರಿಶೀಲನೆಯ ಚೀಟಿ ತೂಗಲಿ. ಹೆಂಗಸರಿಗೆ ಸಾಕಷ್ಟು ಪಾಯಖಾನೆ, ನೀರು, ಬೆಳಕು ಇರಲಿ. ಕೊನೇ ಆಟ ಮುಗಿದ ಮೇಲೆ ಯಲ್ಲಾಪುರದ ಕಡೆಗೆ ಒಂದು ಬಸ್ಸು ಹೊರಡಲಿ. ಆಗ "ಮಾರಿಜಾತ್ರೆ ತೋರಿಸ್ತೇನೆ ಬಿಡು" ಎಂದು ಅಮ್ಮ ಅಂದಾಗ ಮಕ್ಕಳು ಮುಖ ಊದಿಸಿಕೊಳ್ಳಲಾರವು.

ದೇವಸ್ಥಾನದ ಆಡಳಿತ, ತಾಲೂಕು ಆಡಳಿತ, ಸಾರಿಗೆ ಸಂಸ್ಥೆ ಮೂವರೂ ಒಂದೇ ಮೇಜಿನ ಸುತ್ತ ಕೂತರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಇದು. ಸಂಬಂಧಪಟ್ಟವರು ಕೂರುವರೇ?